ಅಟೋಪಿ ಇರುವ ನಾಯಿಗೆ ಯಾವ ಚಿಕಿತ್ಸೆ? ಸ್ಟೀರಾಯ್ಡ್, ಹೊಸ ಮಾತ್ರೆ, ಚುಚ್ಚುಮದ್ದು, ಅಲರ್ಜಿ ಲಸಿಕೆ

ನಾಯಿಗೆ ಅಟೋಪಿಕ್ ಡರ್ಮಟೈಟಿಸ್, ಅಂದರೆ ಅಲರ್ಜಿಯಿಂದ ಬರುವ ಚರ್ಮದ ಉರಿಯೂತ, ಇದೆ ಎಂದು ಪಶುವೈದ್ಯರು ಹೇಳಿದ ಮೇಲೆ ಸಾಕಿದವರು ಮೊದಲು ಕೇಳುವುದು, ಇದಕ್ಕೆ ಎಲ್ಲಕ್ಕಿಂತ ಒಳ್ಳೆಯ ಔಷಧ ಯಾವುದು ಎಂದು. ಪ್ರಶ್ನೆ ಸಹಜವಾದದ್ದೇ, ಆದರೆ ಅದಕ್ಕೆ ಒಂದೇ ಉತ್ತರವಿಲ್ಲ. ಎಂಟು ತಿಂಗಳ ಮರಿಗೆ ಹೊಂದುವ ಔಷಧ ಬೇರೆ, ಯಕೃತ್ತು ಕೆಟ್ಟಿರುವ ಹತ್ತು ವರ್ಷದ ನಾಯಿಗೆ ಹೊಂದುವುದು ಬೇರೆ. ವರ್ಷದಲ್ಲಿ ಎರಡು ತಿಂಗಳು ಮಾತ್ರ ಕೆರೆದುಕೊಳ್ಳುವ ನಾಯಿಗೂ ವರ್ಷವಿಡೀ ಪಾದ ನೆಕ್ಕುತ್ತ ಕೂರುವ ನಾಯಿಗೂ ಒಂದೇ ಚೀಟಿ ಬರೆಯಲಾಗದು. ಔಷಧದ ಹೆಸರಿಗಿಂತ ಮೊದಲು ನೋಡಬೇಕಾದವು ನಾಯಿಯ ವಯಸ್ಸು, ತುರಿಕೆ ಬರುವ ಕಾಲ, ಚರ್ಮ ಈಗ ಇರುವ ಸ್ಥಿತಿ, ಮತ್ತು ಮನೆಯವರು ಎಷ್ಟು ದಿನ ಬಿಡದೆ ಮಾಡಬಲ್ಲರು ಎಂಬ ಸಂಗತಿ. ಈ ಕೊನೆಯದನ್ನು ಕ್ಲಿನಿಕ್‌ನಲ್ಲಿ ಯಾರೂ ಕೇಳುವುದಿಲ್ಲ, ನಾವಾಗಿ ಹೇಳುವುದೂ ಇಲ್ಲ.

ಇದು ಅಟೋಪಿಯೇ ಹೌದೇ?

ಅಟೋಪಿ ಹುಟ್ಟಿನೊಂದಿಗೆ ಬರುವ ಅಲರ್ಜಿಯ ಒಲವು. ಚರ್ಮದ ಹೊರಪದರದಲ್ಲಿ ಇರಬೇಕಾದ ಸೆರಮೈಡ್ ಎಂಬ ಕೊಬ್ಬಿನಂಶ ಕಡಿಮೆಯಿದ್ದು, ದೂಳಿನ ನುಸಿ, ಪರಾಗ, ಬೂಷ್ಟಿನ ಕಣಗಳು ಚರ್ಮದ ಮೂಲಕವೇ ಒಳಗಿಳಿಯುತ್ತವೆ. ಇವುಗಳಿಂದ ಅಪಾಯವೇನೂ ಇಲ್ಲದಿದ್ದರೂ ನಾಯಿಯ ರೋಗನಿರೋಧಕ ವ್ಯವಸ್ಥೆ ಶತ್ರುವೇ ಬಂದಂತೆ ಎದ್ದು ನಿಲ್ಲುತ್ತದೆ. ಆಗ ಸ್ರವಿಸುವ ರಾಸಾಯನಿಕ ಸಂದೇಶಗಳಲ್ಲಿ ಇಂಟರ್‌ಲ್ಯೂಕಿನ್-31 ಎಂಬುದು ನೇರವಾಗಿ ನರಕ್ಕೆ ತುರಿಕೆಯ ಸುದ್ದಿ ಮುಟ್ಟಿಸುತ್ತದೆ. ಹೊಸ ಔಷಧಗಳೆಲ್ಲ ಗುರಿಯಿಟ್ಟಿರುವುದು ಈ ಸಂದೇಶದ ಮೇಲೆ.

ರೋಗ ಸಾಮಾನ್ಯವಾಗಿ ಆರು ತಿಂಗಳಿಂದ ಮೂರು ವರ್ಷದೊಳಗೆ ಕಾಣಿಸಿಕೊಳ್ಳುತ್ತದೆ. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಜರ್ಮನ್ ಶೆಫರ್ಡ್, ಬಾಕ್ಸರ್, ಫ್ರೆಂಚ್ ಬುಲ್‌ಡಾಗ್, ವೆಸ್ಟ್ ಹೈಲ್ಯಾಂಡ್ ವೈಟ್ ಟೆರಿಯರ್ ತಳಿಗಳಲ್ಲಿ ಹೆಚ್ಚು. ಮಿಶ್ರ ತಳಿಗೂ ಬರುತ್ತದೆ. ಮುಂಗಾಲಿನ ಪಾದ, ಕಿವಿಯ ಒಳಹಾಲೆ, ಮುಖ, ಕಂಕುಳು, ತೊಡೆಸಂದು, ಹೊಟ್ಟೆಯ ಕೆಳಭಾಗ ಇದರ ಜಾಗಗಳು. ತಿಳಿ ಬಣ್ಣದ ನಾಯಿಯಾದರೆ ಮುಂಗಾಲಿನ ಬೆರಳುಗಳನ್ನು ಬಿಡಿಸಿ ನೋಡಿ: ಸಂದಿನ ಕೂದಲು ತುಕ್ಕಿನ ಬಣ್ಣಕ್ಕೆ ತಿರುಗಿರುತ್ತದೆ. ಅದು ಕೊಳೆಯಲ್ಲ, ನೆಕ್ಕಿ ನೆಕ್ಕಿ ಹಿಡಿದ ಜೊಲ್ಲಿನ ಕಲೆ. ಎಷ್ಟು ಕಾಲದಿಂದ ನಾಯಿಗೆ ತುರಿಕೆಯಿದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ರೋಗ ಪತ್ತೆಗೆ ರಕ್ತಪರೀಕ್ಷೆ ಇಲ್ಲ. ಅಲರ್ಜಿ ಪರೀಕ್ಷೆ ಎಂದು ಮಾಡುವುದು ಬೇರೆ ಉದ್ದೇಶಕ್ಕೆ, ಅದನ್ನು ಮುಂದೆ ಹೇಳುತ್ತೇನೆ. ಅಟೋಪಿಯನ್ನು ಗುರುತಿಸುವುದು ಉಳಿದದ್ದನ್ನೆಲ್ಲ ಒಂದೊಂದಾಗಿ ತಳ್ಳಿಹಾಕಿ. 2010ರಲ್ಲಿ ಪ್ರಕಟವಾದ ಫಾವ್ರೊ ಲಕ್ಷಣಪಟ್ಟಿ ವೈದ್ಯರಿಗೆ ನೆರವಾಗುತ್ತದೆ. ಮೂರು ವರ್ಷದೊಳಗೆ ಶುರುವಾದದ್ದು, ನಾಯಿ ಹೆಚ್ಚಾಗಿ ಮನೆಯೊಳಗೇ ಇರುವುದು, ಸ್ಟೀರಾಯ್ಡ್‌ಗೆ ತುರಿಕೆ ತಗ್ಗುವುದು, ಮೊದಲು ಬರೀ ತುರಿಕೆ ಇದ್ದು ಗಾಯ ಆಮೇಲೆ ಬಂದದ್ದು, ಮುಂಗಾಲು ಮತ್ತು ಕಿವಿಯ ಹಾಲೆಗೆ ರೋಗ ತಾಗಿರುವುದು, ಕಿವಿಯ ಅಂಚಿಗೂ ಸೊಂಟದ ಮೇಲ್ಭಾಗಕ್ಕೂ ತಾಗದಿರುವುದು ಎಂಬ ಎಂಟು ಅಂಶಗಳು ಅದರಲ್ಲಿವೆ. ಐದು ಕೂಡಿಬಂದರೆ ಅಟೋಪಿಯಿರುವ ನೂರು ನಾಯಿಗಳಲ್ಲಿ ಸುಮಾರು 85 ಸಿಕ್ಕಿಬೀಳುತ್ತವೆ. ಆದರೆ ಬೇರೆ ಕಾರಣಕ್ಕೆ ಕೆರೆದುಕೊಳ್ಳುವ ನಾಯಿಗಳಲ್ಲೂ ಐದರಲ್ಲಿ ಒಂದು ಇದೇ ಬಲೆಗೆ ಬೀಳುತ್ತದೆ. ಹಾಗಾಗಿ ಪಟ್ಟಿಯೊಂದನ್ನೇ ನಂಬಿ ಕೂರುವಂತಿಲ್ಲ.

ಸೊಂಟದ ಮೇಲೆ, ಬಾಲದ ಬುಡದಲ್ಲಿ ಕಚ್ಚಿಕೊಳ್ಳುವ ನಾಯಿಯಾದರೆ ಚಿಗಟದ ಅಲರ್ಜಿಯನ್ನು ಮೊದಲು ಅನುಮಾನಿಸಬೇಕು. ಕಿವಿಯ ಅಂಚು, ಮೊಣಕೈ ಕೆರೆದುಕೊಳ್ಳುತ್ತಿದ್ದು ಮನೆಯವರಿಗೂ ತುರಿಕೆ ಶುರುವಾಗಿದ್ದರೆ ಅದು ಕಜ್ಜಿಯ ನುಸಿ. ಇವೆರಡಕ್ಕೂ ಒಳ್ಳೆಯ ಪರಾವಲಂಬಿ ನಿವಾರಕ ಮಾತ್ರೆ ಸಾಕು, ಅಟೋಪಿಯ ಔಷಧ ಬೇಕಿಲ್ಲ. ಚಿಗಟವೇ ಕಾಣದಿದ್ದರೂ ನಿವಾರಕವನ್ನು ತಪ್ಪದೆ ಕೊಟ್ಟು ನೋಡುವುದು ವಾಡಿಕೆ. ಅಲರ್ಜಿಯಿರುವ ನಾಯಿ ಚಿಗಟವನ್ನು ನೆಕ್ಕಿ ನುಂಗಿಬಿಡುವುದರಿಂದ ಮೈಮೇಲೆ ಸಿಗದಿರುವುದೇ ಹೆಚ್ಚು.

ಆಹಾರದ ಪರೀಕ್ಷೆ: ಮಾಡುವುದೋ ಬಿಡುವುದೋ

ವರ್ಷವಿಡೀ ತುರಿಕೆಯಿರುವ ನಾಯಿಗೆ ಇದನ್ನು ಬಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಋತುಮಾನಕ್ಕೆ ಮಾತ್ರ ಬಂದುಹೋಗುವ ತುರಿಕೆಯಾದರೆ ಆಹಾರ ಕಾರಣವಾಗಿರುವ ಸಾಧ್ಯತೆ ತೀರ ಕಡಿಮೆ, ಅಲ್ಲಿ ಬಿಡಬಹುದು. ಆಹಾರದ ಅಲರ್ಜಿಯೂ ಅಟೋಪಿಯೂ ಕಣ್ಣಿಗೆ ಒಂದೇ ಬಗೆ. ಅದೇ ಪಾದ, ಅದೇ ಕಿವಿ, ಅದೇ ಕಂಕುಳು. ನಡುವೆ ಭೇದಿ, ಹೊಟ್ಟೆಯುಬ್ಬರ, ದಿನಕ್ಕೆ ಹಲವು ಸಲ ಮಲವಿಸರ್ಜನೆ ಇದ್ದರೆ ಆಹಾರದ ಕಡೆಗೆ ಅನುಮಾನ ವಾಲುತ್ತದೆ, ಅಷ್ಟೆ.

ಪರೀಕ್ಷೆಯ ಅವಧಿ ಎಂಟು ವಾರ. ಆಹಾರದ ಅಲರ್ಜಿಯಿರುವ ನಾಯಿಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಅಷ್ಟರೊಳಗೆ ಸುಧಾರಿಸುತ್ತವೆ. ಮೂರು ವಾರಕ್ಕೆ ನಿಲ್ಲಿಸಿ ಏನೂ ಪ್ರಯೋಜನವಾಗಲಿಲ್ಲ ಎನ್ನುವುದು ಪರೀಕ್ಷೆಯೇ ಅಲ್ಲ. ಎರಡು ದಾರಿಗಳಿವೆ. ಒಂದು, ಪ್ರೋಟೀನನ್ನು ತೀರ ಸಣ್ಣ ತುಣುಕುಗಳಾಗಿ ಒಡೆದು ಮಾಡಿದ ಹೈಡ್ರೊಲೈಸ್ಡ್ ಆಹಾರ. ಇನ್ನೊಂದು, ನಾಯಿ ಎಂದೂ ತಿಂದಿಲ್ಲದ ಮಾಂಸ ಮತ್ತು ಪಿಷ್ಟವನ್ನು ಮನೆಯಲ್ಲೇ ಬೇಯಿಸಿ ಹಾಕುವುದು. ಮೊದಲನೆಯದು ಸುಲಭ, ಪೋಷಕಾಂಶ ಸರಿಯಾಗಿರುತ್ತದೆ, ದುಬಾರಿ. ಎರಡನೆಯದು ಹೆಚ್ಚು ಶುದ್ಧ, ಆದರೆ ನಾಯಿ ಹಿಂದೆ ಏನೇನು ತಿಂದಿದೆ ಎಂಬುದು ಚೆನ್ನಾಗಿ ಗೊತ್ತಿದ್ದವರಿಗೆ ಮಾತ್ರ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ‘ಧಾನ್ಯರಹಿತ’ ಆಹಾರ ಈ ಕೆಲಸಕ್ಕೆ ಬಾರದು. ನಾಯಿಗಳಲ್ಲಿ ಮುಂದೆ ನಿಲ್ಲುವ ಅಲರ್ಜಿಕಾರಕಗಳು ದನದ ಮಾಂಸ, ಹಾಲಿನ ಉತ್ಪನ್ನ, ಕೋಳಿ. ಗೋಧಿಯ ಸರದಿ ಆಮೇಲೆ.

ಪರೀಕ್ಷೆ ಕೆಡುವುದು ದೊಡ್ಡ ತಪ್ಪಿನಿಂದಲ್ಲ. ಅಜ್ಜಿ ಮೇಜಿನ ಕೆಳಗೆ ಜಾರಿಸಿದ ಬಿಸ್ಕತ್ತು, ಮಗು ಬೀಳಿಸಿದ ಚೀಸ್, ಮಾಂಸದ ರುಚಿ ಬೆರೆಸಿದ ಜಂತುಹುಳುವಿನ ಮಾತ್ರೆ, ನಾಯಿಯ ರುಚಿಕರ ಟೂತ್‌ಪೇಸ್ಟ್ ಇವೇ ಎಂಟು ವಾರದ ಶ್ರಮವನ್ನು ನೀರುಪಾಲು ಮಾಡುತ್ತವೆ. ಸುಧಾರಿಸಿತು ಎಂದುಕೊಂಡರೂ ಕೆಲಸ ಮುಗಿಯಲಿಲ್ಲ. ಹಳೆಯ ಆಹಾರವನ್ನು ಮತ್ತೆ ಕೊಟ್ಟು, ಎರಡು ವಾರದೊಳಗೆ ತುರಿಕೆ ಮರಳುತ್ತದೆಯೇ ಎಂದು ನೋಡಿದರೆ ಮಾತ್ರ ಖಚಿತ. ರಕ್ತ, ಜೊಲ್ಲು ಅಥವಾ ಕೂದಲನ್ನು ಕಳುಹಿಸಿ ಆಹಾರದ ಅಲರ್ಜಿ ತಿಳಿಯುವ ಪರೀಕ್ಷೆಗಳು ಮಾರುಕಟ್ಟೆಯಲ್ಲಿವೆ. ಅವು ನಂಬಲರ್ಹವಲ್ಲ, ಆ ಹಣವನ್ನು ಒಳ್ಳೆಯ ಆಹಾರಕ್ಕೆ ಹಾಕಿ.

ಸೋಂಕು ಇದ್ದಾಗ ಯಾವ ಔಷಧವೂ ಸೋಲುತ್ತದೆ

ಈ ಮಾತನ್ನು ಔಷಧಗಳಿಗಿಂತ ಮೊದಲೇ ಹೇಳಬೇಕು. ಅಟೋಪಿಯ ಚರ್ಮದ ಮೇಲೆ ಎರಡು ಜೀವಿಗಳು ಮೇಯುತ್ತಿರುತ್ತವೆ: ಸ್ಟ್ಯಾಫಿಲೊಕಾಕಸ್ ಸ್ಯೂಡಿಂಟರ್ಮೀಡಿಯಸ್ ಎಂಬ ಬ್ಯಾಕ್ಟೀರಿಯಾ ಮತ್ತು ಮಲಸ್ಸೀಜಿಯಾ ಎಂಬ ಯೀಸ್ಟ್. ಮೊದಲನೆಯದರಿಂದ ಕೀವುಗುಳ್ಳೆ, ದುಂಡಗಿನ ಹೊಪ್ಪಳೆ. ಎರಡನೆಯದರಿಂದ ಜಿಡ್ಡು, ಹುಳಿನಾತ, ಕಂಕುಳಲ್ಲಿ ಕಪ್ಪಾಗಿ ದಪ್ಪಗಟ್ಟಿದ ಚರ್ಮ. ಎರಡೂ ಸ್ವತಃ ತುರಿಕೆ ತರುತ್ತವೆ, ಆ ತುರಿಕೆಗೆ ಅಲರ್ಜಿಯ ಔಷಧ ಅಷ್ಟಾಗಿ ಬಗ್ಗುವುದಿಲ್ಲ. ವೈದ್ಯರು ಚರ್ಮಕ್ಕೆ ಪಾರದರ್ಶಕ ಟೇಪು ಒತ್ತಿ ತೆಗೆದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಶೇಂಗಾಕಾಯಿಯಂತೆ ನಡು ಸಣ್ಣಗಾದ ಯೀಸ್ಟ್ ಕಣಗಳು ಗುಂಪುಗುಂಪಾಗಿ ಕಾಣುತ್ತವೆ. ಕೆಲವೇ ನಿಮಿಷದ ಕೆಲಸ, ಖರ್ಚೂ ಕಡಿಮೆ. ಔಷಧ ಬದಲಾಯಿಸಿ ಎಂದು ಕೇಳುವ ಮುನ್ನ ಈ ಪರೀಕ್ಷೆ ಮಾಡಿ ಎಂದು ಕೇಳುವುದು ಜಾಣತನ.

ಬೇಗ ಶಮನ ಕೊಡುವ ಮೂರು

ತುರಿಕೆ ಕೆರಳಿ ನಾಯಿ ರಾತ್ರಿಯಿಡೀ ನಿದ್ದೆಗೆಟ್ಟಿದ್ದರೆ ಬೇಕಾದದ್ದು ಒಂದೆರಡು ದಿನದಲ್ಲಿ ಕೆಲಸ ಮಾಡುವ ಔಷಧ. ಅಂಥವು ಮೂರು: ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್, ಆಕ್ಲಾಸಿಟಿನಿಬ್ ಮಾತ್ರೆ, ಲೋಕಿವೆಟ್‌ಮ್ಯಾಬ್ ಚುಚ್ಚುಮದ್ದು. ಕೊನೆಯ ಎರಡು ಅಪೊಕ್ವೆಲ್, ಸೈಟೊಪಾಯಿಂಟ್ ಎಂಬ ಹೆಸರಿನಲ್ಲಿ ಹೆಚ್ಚು ಪರಿಚಿತ.

ಸ್ಟೀರಾಯ್ಡ್ ಎಂದೊಡನೆ ಹೌಹಾರುವವರಿದ್ದಾರೆ. ಅಷ್ಟು ಹೆದರಬೇಕಿಲ್ಲ. ಬೆಲೆ ಕಡಿಮೆ, ಪರಿಣಾಮ ಚುರುಕು, ಉರಿಯೂತವನ್ನು ಇದರಷ್ಟು ಸಮಗ್ರವಾಗಿ ತಗ್ಗಿಸುವುದು ಬೇರೊಂದಿಲ್ಲ. ಕಿವಿಯ ನಾಳ ಊದಿ ಮುಚ್ಚಿಕೊಂಡಿರುವಾಗ, ಚರ್ಮ ದಪ್ಪಗಟ್ಟಿ ಸುಕ್ಕಾಗಿರುವಾಗ ಹೊಸ ಔಷಧಗಳಿಗಿಂತ ಇದೇ ಮೇಲು. ಚರ್ಮರೋಗ ತಜ್ಞರು ಈಗಲೂ ಇದನ್ನು ಕೈಬಿಟ್ಟಿಲ್ಲದಿರುವುದು ಇದಕ್ಕೇ. ತೊಂದರೆ ಇರುವುದು ದೀರ್ಘ ಬಳಕೆಯಲ್ಲಿ. ಮೊದಲ ವಾರದಲ್ಲೇ ನಾಯಿ ಬಟ್ಟಲುಗಟ್ಟಲೆ ನೀರು ಕುಡಿಯುತ್ತದೆ, ರಾತ್ರಿ ಎಬ್ಬಿಸಿ ಹೊರಗೆ ಹೋಗುತ್ತದೆ, ಕಂಡದ್ದಕ್ಕೆಲ್ಲ ಬಾಯಿ ಹಾಕುತ್ತದೆ, ಏದುಸಿರು ಬಿಡುತ್ತದೆ. ತಿಂಗಳುಗಟ್ಟಲೆ ಹೋದರೆ ಸ್ನಾಯು ಕರಗಿ ಹೊಟ್ಟೆ ಜೋತುಬೀಳುತ್ತದೆ, ಚರ್ಮ ತೆಳುವಾಗುತ್ತದೆ, ಮೂತ್ರಕೋಶದ ಸೋಂಕು, ಮಧುಮೇಹ, ದೇಹದಲ್ಲಿ ಸ್ಟೀರಾಯ್ಡ್ ಹಾರ್ಮೋನು ಅತಿಯಾದಾಗ ಬರುವ ಕುಶಿಂಗ್ ಕಾಯಿಲೆಯ ಲಕ್ಷಣಗಳು ಬರಬಹುದು. ದಿನಗಳ ಲೆಕ್ಕದಲ್ಲಿ ಕೊಟ್ಟು, ದಿನ ಬಿಟ್ಟು ದಿನಕ್ಕೆ ಇಳಿಸಿ, ನಿಲ್ಲಿಸುವ ಯೋಜನೆ ಮೊದಲೇ ಇರಬೇಕು. ಬಹುಕಾಲ ಕೊಟ್ಟದ್ದನ್ನು ಒಮ್ಮೆಲೇ ನಿಲ್ಲಿಸುವುದೂ ಅಪಾಯ. ಕೀಲುನೋವಿಗೆ ಕೊಡುವ ಸ್ಟೀರಾಯ್ಡ್ ಅಲ್ಲದ ನೋವುನಿವಾರಕಗಳ ಜೊತೆಗೆ ಇದನ್ನು ಕೊಡುವಂತಿಲ್ಲ. ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತಸ್ರಾವವಾಗಬಹುದು.

ವಾರಗಟ್ಟಲೆ ದೇಹದಲ್ಲಿ ಉಳಿಯುವ ಸ್ಟೀರಾಯ್ಡ್ ಚುಚ್ಚುಮದ್ದನ್ನು ಮಾತ್ರ ನಾನು ಒಪ್ಪುವುದಿಲ್ಲ. ಮಾತ್ರೆಯಾದರೆ ಅಡ್ಡಪರಿಣಾಮ ಕಂಡಾಗ ನಿಲ್ಲಿಸಬಹುದು, ಚುಚ್ಚಿದ್ದನ್ನು ಹಿಂದಕ್ಕೆ ತೆಗೆಯಲಾಗದು. ಅದನ್ನು ಲೋಕಿವೆಟ್‌ಮ್ಯಾಬ್ ಎಂದು ತಪ್ಪಾಗಿ ತಿಳಿದವರೂ ಉಂಟು. ‘ಅಲರ್ಜಿ ಇಂಜೆಕ್ಷನ್’ ಎಂದಾಗ ಯಾವುದು ಎಂದು ಹೆಸರು ಕೇಳಿ ಬರೆದಿಟ್ಟುಕೊಳ್ಳಿ.

ಆಕ್ಲಾಸಿಟಿನಿಬ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2013ರಲ್ಲಿ. ಜೇಕ್-1 ಎಂಬ ಕಿಣ್ವವನ್ನು ತಡೆದು, ಇಂಟರ್‌ಲ್ಯೂಕಿನ್-31 ಸೇರಿದಂತೆ ಹಲವು ಸಂದೇಶಗಳನ್ನು ಜೀವಕೋಶದ ಒಳಗೇ ನಿಲ್ಲಿಸುತ್ತದೆ. ವೇಗದಲ್ಲಿ ಸ್ಟೀರಾಯ್ಡ್‌ಗೆ ಸರಿಸಮ, ಕೆಲವು ಗಂಟೆಗಳಲ್ಲೇ ತುರಿಕೆ ಇಳಿಯತೊಡಗುತ್ತದೆ. ಬಾಯಾರಿಕೆ, ಹಸಿವಿನ ಗೋಳಿಲ್ಲ. ಮೊದಲ 14 ದಿನಗಳವರೆಗೆ ದಿನಕ್ಕೆ ಎರಡು ಸಲ, ಆಮೇಲೆ ಒಂದು ಸಲ. ಈ ಇಳಿಕೆಯ ಹೊತ್ತಿಗೆ ಹಲವು ನಾಯಿಗಳಲ್ಲಿ ತುರಿಕೆ ಸ್ವಲ್ಪ ತಲೆಯೆತ್ತುತ್ತದೆ. ಔಷಧ ಸೋತಿತು ಎಂದು ಗಾಬರಿಗೊಂಡು ಮನೆಯವರೇ ಮತ್ತೆ ಎರಡು ಸಲಕ್ಕೆ ಏರಿಸುವುದು ಸರಿಯಲ್ಲ. ಹೆಚ್ಚಿನ ಸಲ ತಾನಾಗಿ ಹದಕ್ಕೆ ಬರುತ್ತದೆ, ಬಾರದಿದ್ದರೆ ಶಾಂಪೂ, ಸ್ಪ್ರೇ ಸೇರಿಸಬೇಕಾಗುತ್ತದೆ. ಹನ್ನೆರಡು ತಿಂಗಳೊಳಗಿನ ಮರಿಗೆ ಇದನ್ನು ಕೊಡುವಂತಿಲ್ಲ. ತೀವ್ರ ಸೋಂಕು, ಮೈತುಂಬ ಡೆಮೊಡೆಕ್ಸ್ ನುಸಿಯ ಕಾಟ ಏಳಬಹುದು. ಗಂಭೀರ ಸೋಂಕಿರುವ, ಗರ್ಭಿಣಿಯಾದ, ಮೊಲೆಯೂಡಿಸುವ ನಾಯಿಗೂ ಸಲ್ಲದು. ಕ್ಯಾನ್ಸರ್ ಇದ್ದ ನಾಯಿಯಾದರೆ ವೈದ್ಯರೊಂದಿಗೆ ಬಿಚ್ಚಿ ಮಾತಾಡಬೇಕು, ಏಕೆಂದರೆ ಇದು ರೋಗನಿರೋಧಕ ಕಾವಲನ್ನು ಸಡಿಲಿಸುವ ಔಷಧ. ನಿತ್ಯ ತೆಗೆದುಕೊಳ್ಳುವ ನಾಯಿಗೆ ಕಾಲಕಾಲಕ್ಕೆ ರಕ್ತಪರೀಕ್ಷೆ ಮಾಡಿಸುವುದು ಒಳ್ಳೆಯ ರೂಢಿ.

ಇದೇ ಗುಂಪಿಗೆ 2024ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಇಲುನೊಸಿಟಿನಿಬ್ ಸೇರಿದೆ. ಮೊದಲ ದಿನದಿಂದಲೇ ದಿನಕ್ಕೊಂದು ಸಲ ಸಾಕು ಎಂಬುದು ಇದರ ಅನುಕೂಲ. ಆದರೆ ರೋಗ ಬಾರದಂತೆ ಹಾಕಿಸುವ ಮಾಮೂಲಿ ಲಸಿಕೆಗೂ ಇದಕ್ಕೂ ಆಗಿಬರುವುದಿಲ್ಲ ಎಂಬ ಎಚ್ಚರಿಕೆಯೊಂದಿಗೇ ಇದು ಅಲ್ಲಿ ಮಾರುಕಟ್ಟೆಗೆ ಬಂತು. ಲಸಿಕೆಯ ದಿನ ಹತ್ತಿರವಿರುವ ನಾಯಿಗೆ ಶುರುಮಾಡುವ ಮುನ್ನ ವೈದ್ಯರೊಂದಿಗೆ ದಿನಾಂಕಗಳನ್ನು ಲೆಕ್ಕ ಹಾಕಿಕೊಳ್ಳಬೇಕು.

ಲೋಕಿವೆಟ್‌ಮ್ಯಾಬ್ ರಾಸಾಯನಿಕ ಔಷಧವಲ್ಲ, ನಾಯಿಗೆಂದೇ ರೂಪಿಸಿದ ಪ್ರತಿಕಾಯ. ಇಂಟರ್‌ಲ್ಯೂಕಿನ್-31 ಒಂದನ್ನೇ ರಕ್ತದಲ್ಲೇ ಹಿಡಿದುಹಾಕುತ್ತದೆ, ಉಳಿದ ರೋಗನಿರೋಧಕ ವ್ಯವಸ್ಥೆಯ ಗೊಡವೆಗೆ ಹೋಗುವುದಿಲ್ಲ. ಯಕೃತ್ತಿಗೂ ಮೂತ್ರಪಿಂಡಕ್ಕೂ ಭಾರವಿಲ್ಲ. ಆದ್ದರಿಂದ ಎಳೆಯ ಮರಿ, ಮುದಿ ನಾಯಿ, ಹತ್ತು ಬಗೆಯ ಔಷಧ ತಿನ್ನುತ್ತಿರುವ ನಾಯಿ ಇವುಗಳಿಗೆ ನನ್ನ ಮೊದಲ ಒಲವು ಇದರ ಕಡೆಗೆ. ಒಂದು ಚುಚ್ಚಿದರೆ ನಾಲ್ಕರಿಂದ ಎಂಟು ವಾರ. ಮಾತ್ರೆ ಕಂಡರೆ ಹಲ್ಲು ಕಚ್ಚುವ ನಾಯಿಯಿರುವ ಮನೆಗೆ ಇದೊಂದು ವರ. ಮಿತಿಗಳೂ ಇವೆ. ತುರಿಕೆ ತಗ್ಗಿಸಿದಷ್ಟು ಉರಿಯೂತವನ್ನು ತಗ್ಗಿಸುವುದಿಲ್ಲ, ಹಾಗಾಗಿ ಕೆಂಪಾಗಿ ಊದಿದ ಕಿವಿಗೆ, ದಪ್ಪಗಟ್ಟಿದ ಪಾದಕ್ಕೆ ಇದೊಂದೇ ಸಾಲದು. ಕೆಲವು ನಾಯಿಗಳಿಗೆ ನಾಟುವುದೇ ಇಲ್ಲ. ಅಪರೂಪಕ್ಕೆ ಕೆಲವದರ ದೇಹ ಈ ಪ್ರತಿಕಾಯದ ವಿರುದ್ಧವೇ ಪ್ರತಿಕಾಯ ತಯಾರಿಸಿ, ಆರಂಭದಲ್ಲಿ ಕೆಲಸ ಮಾಡಿದ್ದು ಬರಬರುತ್ತಾ ನಿಷ್ಫಲವಾಗುತ್ತದೆ. ತೂಕಕ್ಕೆ ತಕ್ಕಂತೆ ಪ್ರಮಾಣ ಏರುವುದರಿಂದ ದೊಡ್ಡ ನಾಯಿಗೆ ಖರ್ಚು ಹೆಚ್ಚು.

ನಿಧಾನದ ಮಾತ್ರೆ

ಸೈಕ್ಲೊಸ್ಪೊರಿನ್ 2003ರಿಂದ ನಾಯಿಗಳ ಅಟೋಪಿಗೆ ಬಳಕೆಯಲ್ಲಿದೆ. ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 5 ಮಿಲಿಗ್ರಾಂ ಇದರ ಸಾಮಾನ್ಯ ಆರಂಭದ ಪ್ರಮಾಣ. ಪೂರ್ಣ ಪರಿಣಾಮಕ್ಕೆ ನಾಲ್ಕರಿಂದ ಆರು ವಾರ ಕಾಯಬೇಕು. ಹೊಸ ಮಾತ್ರೆಗಳು ಬಂದ ಮೇಲೆ ಇದು ಮೂಲೆಗುಂಪಾಗಿದೆ, ಅದು ಅಷ್ಟು ನ್ಯಾಯವಲ್ಲ. ಆಕ್ಲಾಸಿಟಿನಿಬ್ ಜೊತೆ ಹೋಲಿಸಿದಾಗ ಮೊದಲ ವಾರಗಳಲ್ಲಿ ಹಿಂದೆ ಬೀಳುತ್ತದೆಯೇ ಹೊರತು ಎರಡು ತಿಂಗಳ ಹೊತ್ತಿಗೆ ಎರಡೂ ಹೆಚ್ಚುಕಡಿಮೆ ಸಮಕ್ಕೆ ಬರುತ್ತವೆ. ಅಲ್ಲದೆ ಹಿಡಿತ ಸಿಕ್ಕ ಮೇಲೆ ಬಹಳಷ್ಟು ನಾಯಿಗಳಿಗೆ ದಿನ ಬಿಟ್ಟು ದಿನ, ಕೆಲವಕ್ಕೆ ವಾರಕ್ಕೆ ಎರಡೇ ಸಲ ಸಾಕಾಗುತ್ತದೆ. ಶುರುವಿನ ವಾಂತಿ, ಭೇದಿಯೇ ಬಹಳ ಮಂದಿ ಇದನ್ನು ಬಿಡಲು ಕಾರಣ. ಹೆಚ್ಚಿನ ನಾಯಿಗಳಲ್ಲಿ ಅದು ತಾನಾಗಿ ನಿಲ್ಲುತ್ತದೆ. ಒಸಡು ಬೆಳೆಯುವುದು, ನರುಲಿಯಂಥ ಗಂಟು ಏಳುವುದು, ಕೂದಲು ಅತಿಯಾಗಿ ಬೆಳೆಯುವುದು ಇನ್ನುಳಿದ ಅಡ್ಡಪರಿಣಾಮಗಳು. ಕಾಯುವ ವಾರಗಳಿಗೆ ಸೇತುವೆಯಾಗಿ ಸ್ವಲ್ಪ ದಿನ ಪ್ರೆಡ್ನಿಸೊಲೋನ್ ಸೇರಿಸುವುದುಂಟು.

ಅಲರ್ಜಿ ಲಸಿಕೆ: ರೋಗದ ದಾರಿಯನ್ನೇ ತಿರುಗಿಸುವ ಒಂದೇ ಉಪಾಯ

ಮೇಲಿನ ಔಷಧಗಳ ಪರಿಣಾಮವೆಲ್ಲ ಅವನ್ನು ನಿಲ್ಲಿಸಿದ ಮೇಲೆ ಮುಗಿದುಹೋಗುತ್ತದೆ. ಅಲರ್ಜಿಕಾರಕವನ್ನೇ ಸಣ್ಣ ಪ್ರಮಾಣದಿಂದ ಏರಿಸುತ್ತ ಕೊಟ್ಟು ದೇಹಕ್ಕೆ ಸಹಿಷ್ಣುತೆ ಕಲಿಸುವ ಇಮ್ಯುನೊಥೆರಪಿಯ ಲೆಕ್ಕ ಬೇರೆ. ಸುಮಾರು ಅರ್ಧದಿಂದ ಮೂರನೇ ಎರಡು ಪಾಲು ನಾಯಿಗಳಲ್ಲಿ ಗಣನೀಯ ಸುಧಾರಣೆ ಕಾಣುತ್ತದೆ. ಕೆಲವಕ್ಕೆ ಬೇರೆ ಔಷಧವೇ ಬೇಡವಾಗುತ್ತದೆ, ಹಲವಕ್ಕೆ ಔಷಧದ ಪ್ರಮಾಣ ಇಳಿಯುತ್ತದೆ. ಗಂಭೀರ ಅಡ್ಡಪರಿಣಾಮ ಅಪರೂಪ. ಆದರೂ ಚುಚ್ಚಿದ ನಂತರ ಸ್ವಲ್ಪ ಹೊತ್ತು ನಾಯಿಯ ಮೇಲೆ ಕಣ್ಣಿಡಬೇಕು.

ಅದಕ್ಕೆ ತೆರಬೇಕಾದ ಬೆಲೆ ತಾಳ್ಮೆ. ಕೆಲಸ ಮಾಡಿತೇ ಇಲ್ಲವೇ ಎಂದು ತೀರ್ಮಾನಿಸಲು ಒಂದು ವರ್ಷ ಬಿಡದೆ ಕೊಡಬೇಕು. ಆ ವರ್ಷವಿಡೀ ನಾಯಿ ಕೆರೆದುಕೊಂಡು ಕೂರಬೇಕೆಂದೇನೂ ಇಲ್ಲ, ಬೇಗ ಶಮನ ಕೊಡುವ ಔಷಧವನ್ನು ಜೊತೆಗೇ ನಡೆಸಬಹುದು. ಈ ಸಂಗತಿ ಗೊತ್ತಿಲ್ಲದೆ ‘ಒಂದೋ ಲಸಿಕೆ, ಇಲ್ಲವೇ ಮಾತ್ರೆ’ ಎಂದು ಹಿಂಜರಿಯುವವರು ಬಹಳ. ಚರ್ಮದಡಿಯ ಚುಚ್ಚುಮದ್ದು ಆರಂಭದಲ್ಲಿ ಕೆಲವು ದಿನಗಳಿಗೊಮ್ಮೆ, ಆಮೇಲೆ ವಾರಗಳ ಅಂತರದಲ್ಲಿ. ಮನೆಯಲ್ಲೇ ಚುಚ್ಚಲು ಕಲಿಯಬಹುದು. ಬಾಯಿಗೆ ಹಾಕುವ ಹನಿಯಲ್ಲಿ ಸೂಜಿಯ ಭಯವಿಲ್ಲ, ಆದರೆ ಪ್ರತಿದಿನ ಹಾಕಬೇಕು. ನನ್ನ ಮಟ್ಟಿಗೆ ಇದು ನಾಯಿಯ ಪ್ರಶ್ನೆಯಲ್ಲ, ಮನೆಯವರ ದಿನಚರಿಯ ಪ್ರಶ್ನೆ: ದಿನಾ ಒಂದೇ ಹೊತ್ತಿಗೆ ಏನನ್ನೂ ಮಾಡಲಾಗದವರು ಚುಚ್ಚುಮದ್ದನ್ನೇ ಆರಿಸಿಕೊಳ್ಳಲಿ.

ಅಲರ್ಜಿ ಪರೀಕ್ಷೆ ಬರುವುದು ಇಲ್ಲಿ. ಚರ್ಮದೊಳಗೆ ಸಣ್ಣ ಸಣ್ಣ ಹನಿ ಚುಚ್ಚಿ ದದ್ದು ನೋಡುವುದು ಒಂದು, ರಕ್ತದಲ್ಲಿ ಐಜಿಇ ಎಂಬ ಅಲರ್ಜಿಯ ಪ್ರತಿಕಾಯವನ್ನು ಅಳೆಯುವುದು ಇನ್ನೊಂದು. ಲಸಿಕೆಗೆ ಯಾವ ಅಲರ್ಜಿಕಾರಕ ಹಾಕಬೇಕೆಂದು ಆರಿಸಲು ಇವು ನೆರವಾಗುತ್ತವೆ. ಆರೋಗ್ಯವಂತ ನಾಯಿಗೂ ಫಲಿತಾಂಶ ಧನಾತ್ಮಕ ಬರಬಹುದಾದ್ದರಿಂದ ಅಟೋಪಿ ಇದೆಯೇ ಎಂದು ತಿಳಿಯಲು ಇವನ್ನು ಮಾಡಿಸುವುದು ವ್ಯರ್ಥ. ಲಸಿಕೆ ಕೊಡಿಸುವ ಮನಸ್ಸಿಲ್ಲದಿದ್ದರೆ ಪರೀಕ್ಷೆಯೂ ಬೇಡ. ಚರ್ಮದ ಪರೀಕ್ಷೆಗೆ ಮುನ್ನ ಸ್ಟೀರಾಯ್ಡ್ ಮಾತ್ರೆಯನ್ನು ಸುಮಾರು ಎರಡು ವಾರ, ಆಂಟಿಹಿಸ್ಟಮಿನ್‌ಗಳನ್ನು (ಮನುಷ್ಯರ ಅಲರ್ಜಿಗೂ ಕೊಡುವ ಮಾತ್ರೆಗಳು) ಒಂದು ವಾರ ನಿಲ್ಲಿಸಿರಬೇಕು. ಆಕ್ಲಾಸಿಟಿನಿಬ್, ಲೋಕಿವೆಟ್‌ಮ್ಯಾಬ್‌ಗಳಿಂದ ಅಂಥ ಅಡ್ಡಿಯಿಲ್ಲ. ಪರೀಕ್ಷೆಯ ಆಲೋಚನೆಯಿದ್ದವರಿಗೆ ಇದು ಸ್ಟೀರಾಯ್ಡ್ ಬದಲು ಅವನ್ನು ಆರಿಸಲು ಒಂದು ಕಾರಣ.

ಮೈಗೆ ಹಚ್ಚುವುದು, ತೊಳೆಯುವುದು

ಇದನ್ನು ಕೊನೆಗೆ ಬರೆದರೂ ಕೊನೆಯ ಆಯ್ಕೆ ಎಂದು ತಿಳಿಯಬೇಡಿ. ವಾರಕ್ಕೊಮ್ಮೆ ಉಗುರುಬೆಚ್ಚಗಿನ ನೀರಿನ ಸ್ನಾನ ಚರ್ಮದ ಮೇಲಿನ ಅಲರ್ಜಿಕಾರಕವನ್ನು ತೊಳೆದುಬಿಡುತ್ತದೆ. ಬಿಸಿನೀರು ತುರಿಕೆಯನ್ನು ಕೆರಳಿಸುತ್ತದೆ. ಸೋಂಕು ಮರುಕಳಿಸುವ ನಾಯಿಗೆ ಕ್ಲೋರ್‌ಹೆಕ್ಸಿಡಿನ್ ಇರುವ ಶಾಂಪೂ, ಯೀಸ್ಟ್ ಇದ್ದರೆ ಅದರ ಜೊತೆ ಮೈಕೊನಜೋಲ್ ಇರುವುದು. ನೊರೆ ಹತ್ತು ನಿಮಿಷ ಮೈಮೇಲೆ ನಿಲ್ಲಬೇಕು. ಎರಡೇ ನಿಮಿಷಕ್ಕೆ ತೊಳೆದು ಶಾಂಪೂ ಕೆಲಸ ಮಾಡಲಿಲ್ಲ ಎನ್ನುವುದೇ ಹೆಚ್ಚು. ಗಡಿಯಾರ ಮುಂದಿಟ್ಟುಕೊಂಡು, ಮೊದಲು ಪಾದ ಮತ್ತು ಹೊಟ್ಟೆಗೆ ಹಚ್ಚಿ ಆಮೇಲೆ ಬೆನ್ನಿಗೆ ಬನ್ನಿ, ಹೆಚ್ಚು ಹೊತ್ತು ಬೇಕಾದ ಜಾಗಕ್ಕೆ ಹೆಚ್ಚು ಹೊತ್ತು ಸಿಗುತ್ತದೆ.

ತುರಿಕೆ ಒಂದೆರಡು ಜಾಗಕ್ಕೆ ಸೀಮಿತವಾಗಿದ್ದರೆ ಇಡೀ ದೇಹಕ್ಕೆ ಔಷಧ ಏಕೆ ಕೊಡಬೇಕು? ಹೈಡ್ರೊಕಾರ್ಟಿಸೋನ್ ಅಸೆಪೊನೇಟ್ ಎಂಬ ಸ್ಟೀರಾಯ್ಡ್ ಸ್ಪ್ರೇ ಚರ್ಮದಲ್ಲೇ ಕೆಲಸ ಮುಗಿಸಿ ಅಲ್ಲಿಯೇ ಒಡೆಯುತ್ತದೆ, ರಕ್ತಕ್ಕೆ ಸೇರುವುದು ಅತ್ಯಲ್ಪ. ಮೊದಲು ದಿನಾ ಹಾಕಿ, ಚರ್ಮ ಶಾಂತವಾದ ಮೇಲೂ ವಾರಕ್ಕೆ ಎರಡು ದಿನ ಅದೇ ಹಳೆಯ ಜಾಗಗಳಿಗೆ ಹಾಕುತ್ತ ಹೋದರೆ ಮರುಕಳಿಸುವ ಅಂತರ ದೊಡ್ಡದಾಗುತ್ತದೆ. ಗಾಯ ಕಾಣದಿರುವಾಗಲೂ ಹಾಕುವುದು ವಿಚಿತ್ರವೆನಿಸಬಹುದು; ಆದರೆ ಕಣ್ಣಿಗೆ ಕಾಣದ ಉರಿಯೂತ ಅಲ್ಲಿ ಉಳಿದೇ ಇರುತ್ತದೆ. ಮನೆಯವರು ತಮಗೆಂದು ತಂದ ಚರ್ಮದ ಮುಲಾಮನ್ನು ನಾಯಿಗೆ ಹಚ್ಚಬೇಡಿ. ನೆಕ್ಕಿದರೆ ಸತುವಿನ ಮುಲಾಮು ವಿಷ, ಸೋರಿಯಾಸಿಸ್‌ಗೆ ಬಳಸುವ ಕ್ಯಾಲ್ಸಿಪೊಟ್ರಿಯಾಲ್ ಮುಲಾಮು ಜೀವಕ್ಕೇ ಎರವಾಗಬಹುದು. ಟೀ ಟ್ರೀ ಎಣ್ಣೆಯೂ ನಾಯಿಗೆ ವಿಷವೇ, ‘ನೈಸರ್ಗಿಕ’ ಎಂಬ ಹಣೆಪಟ್ಟಿ ಅದನ್ನು ಬದಲಿಸುವುದಿಲ್ಲ.

ಒಮೆಗಾ-3 ಕೊಬ್ಬಿನಾಮ್ಲ ಪೂರಕದಿಂದ ಸಣ್ಣ ಲಾಭವಿದೆ, ಎರಡು ಮೂರು ತಿಂಗಳು ಬೇಕು, ಸ್ಟೀರಾಯ್ಡ್ ಪ್ರಮಾಣ ಇಳಿಸಲು ಸಹಾಯ. ಆಂಟಿಹಿಸ್ಟಮಿನ್ ಬಗ್ಗೆ ಹೇಳುವುದು ಹೆಚ್ಚಿಲ್ಲ: ಮನುಷ್ಯರಿಗೆ ಕೆಲಸ ಮಾಡಿದಂತೆ ನಾಯಿಗೆ ಮಾಡುವುದಿಲ್ಲ, ಕೆರಳಿದ ತುರಿಕೆಗಂತೂ ನಿರುಪಯುಕ್ತ. ಶೀತದ ಔಷಧ ಬೆರೆಸಿದ ಮಾತ್ರೆಗಳಲ್ಲಿ ಸ್ಯೂಡೊಎಫೆಡ್ರಿನ್ ಇದ್ದರೆ ಅಪಾಯವೇ.

ಹಾಗಾದರೆ ಯಾರಿಗೆ ಯಾವುದು

ವರ್ಷದಲ್ಲಿ ಒಂದೆರಡು ತಿಂಗಳು ಮಾತ್ರ ಕೆರಳುವ, ಉಳಿದಂತೆ ಗಟ್ಟಿಮುಟ್ಟಾದ ನಾಯಿಗೆ ಆ ಕಾಲಕ್ಕಷ್ಟೇ ಆಕ್ಲಾಸಿಟಿನಿಬ್ ಅಥವಾ ಒಂದೆರಡು ಲೋಕಿವೆಟ್‌ಮ್ಯಾಬ್ ಸಾಕು. ಹಣದ ಕಷ್ಟವಿದ್ದರೆ ಕಡಿಮೆ ಅವಧಿಯ ಪ್ರೆಡ್ನಿಸೊಲೋನ್ ಜೊತೆಗೆ ವಾರದ ಸ್ನಾನ; ಅದಕ್ಕೆ ನಾಚಿಕೊಳ್ಳುವಂಥದ್ದೇನಿಲ್ಲ. ಒಂದು ವರ್ಷ ತುಂಬದ ಮರಿಯಾದರೆ ಲೋಕಿವೆಟ್‌ಮ್ಯಾಬ್ ಮತ್ತು ಮೈಗೆ ಹಚ್ಚುವ ಔಷಧ, ಜೊತೆಗೆ ಆಹಾರದ ಪರೀಕ್ಷೆ. ಎರಡು ವರ್ಷದ ನಾಯಿ ವರ್ಷವಿಡೀ ಕೆರೆದುಕೊಳ್ಳುತ್ತಿದ್ದರೆ, ಮುಂದೆ ಹತ್ತು ವರ್ಷ ಬದುಕಬೇಕಾದ ಆ ನಾಯಿಗೆ ಅಲರ್ಜಿ ಲಸಿಕೆಯನ್ನು ಈಗಲೇ ಶುರುಮಾಡುವುದು ಲೆಕ್ಕದಲ್ಲಿಯೂ ಅಗ್ಗ. ಹನ್ನೊಂದು ವರ್ಷದ ನಾಯಿಗೆ ಅದೇ ಲಸಿಕೆಗೆಂದು ಒಂದು ವರ್ಷ ಕಾಯುವುದರಲ್ಲಿ ಅರ್ಥ ಕಡಿಮೆ. ಕಿವಿಯ ಕಾಯಿಲೆ ಮುಖ್ಯವಾಗಿರುವ ನಾಯಿಗೆ ಸ್ಟೀರಾಯ್ಡ್ ಬಿಟ್ಟು ಹೊಸತಕ್ಕೆ ಹಾರುವ ಮುನ್ನ ಎರಡು ಸಲ ಯೋಚಿಸಿ. ದೀರ್ಘಕಾಲಕ್ಕೆ ಅಂಥ ನಾಯಿಗೆ ಸೈಕ್ಲೊಸ್ಪೊರಿನ್ ಚೆನ್ನಾಗಿ ಒಗ್ಗುತ್ತದೆ.

ಯಾವುದನ್ನು ಆರಿಸಿದರೂ ತುರಿಕೆಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಟ್ಟು ವಾರಕ್ಕೊಮ್ಮೆ ಕ್ಯಾಲೆಂಡರಿನಲ್ಲಿ ಬರೆಯಿರಿ. ಆರೋಗ್ಯವಂತ ನಾಯಿಯೂ ಒಂದಿಷ್ಟು ಕೆರೆದುಕೊಳ್ಳುತ್ತದೆ, ಎರಡರ ಒಳಗಿದ್ದರೆ ಚಿಕಿತ್ಸೆ ಸಾಕಷ್ಟಾಗಿದೆ. ಚೆನ್ನಾಗಿದ್ದ ನಾಯಿಯ ಅಂಕ ಇದ್ದಕ್ಕಿದ್ದಂತೆ ಏಳಕ್ಕೆ ಜಿಗಿದರೆ ಔಷಧ ಬದಲಿಸಬೇಡಿ. ಚಿಗಟದ ಮಾತ್ರೆಯ ದಿನ ಮೀರಿದೆಯೇ, ಕಂಕುಳಲ್ಲಿ ಹುಳಿನಾತ ಎದ್ದಿದೆಯೇ, ಹೊಟ್ಟೆಯ ಮೇಲೆ ಕೀವುಗುಳ್ಳೆ ಕಾಣುತ್ತಿದೆಯೇ ನೋಡಿ. ಇವು ಯಾವುವೂ ಇಲ್ಲದೆ, ಸರಿಯಾದ ಪ್ರಮಾಣದಲ್ಲಿ ಕೊಟ್ಟೂ ಲೋಕಿವೆಟ್‌ಮ್ಯಾಬ್ ಎರಡನೆಯ ಸಲಕ್ಕೂ ನಾಟದಿದ್ದರೆ, ಇಲ್ಲವೇ ಸೈಕ್ಲೊಸ್ಪೊರಿನ್ ಎರಡು ತಿಂಗಳಾದರೂ ಫಲ ಕೊಡದಿದ್ದರೆ, ಆಗ ಬದಲಾವಣೆಯ ಮಾತೆತ್ತಲು ಆ ಕ್ಯಾಲೆಂಡರನ್ನೇ ವೈದ್ಯರ ಮುಂದಿಡಿ.